ಅಮಿನಿ ಕೊಟ್ಟು ಇಂಡಿ ಕೊಂಡದ್ದು

ಮಂಗಳೂರಿಗೆ ವರ್ಗವಾದ ಸುದ್ದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ನೀರು ಭಾಳ ಅಂತಲ್ಲೋ?” ಇಂಡಿ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ನೀರು ಹೆಚ್ಚಾಯಿತೆಂದು ಚಿಂತೆ ಮಾಡಿದ್ದು ಅದೇ ಮೊದಲಿರಬೇಕು. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ಹೋಳಿಗೆ ಮಾಡುತ್ತೇವೆ. ಮಂಗಳೂರಲ್ಲಿ 3,500 ಮಿಲಿಮೀಟರ್ ದಾಟಿದ ಮೇಲೂ ಜನ ಆಕಾಶ ನೋಡಿ, “ಈ ಸಲ ಮಳೆ ಎಂಥದ್ದೂ ಇಲ್ಲ ಮಾರಾಯ್ರೇ” ಎನ್ನುತ್ತಾರೆ.

ನನಗೆ ಚಿಂತೆ ಇರಲಿಲ್ಲ, ಆಸೆ ಇತ್ತು. ನನ್ನ ಜೊತೆ ಬ್ಯಾಂಕಿಗೆ ಸೇರಿದವನೊಬ್ಬ ಮದುವೆಯಾಗಿ ಮಾಲ್ಡೀವ್ಸಿಗೆ ಹೋಗಿ, ನೀರಿನ ಮೇಲೆ ಕಟ್ಟಿದ ಗುಡಿಸಲಲ್ಲಿ ಕಾಲು ಇಳಿಬಿಟ್ಟು ಕೂತ ಫೋಟೋ ಕಳಿಸಿದ್ದ. ತೆಂಗಿನ ಮರ, ಬಿಳಿ ಮರಳು, ನೀಲಿ ನೀರು. ಇವಿಷ್ಟೂ ಸರ್ಕಾರಿ ಬಸ್ಸಿನ ಚಾರ್ಜಿನಲ್ಲಿ ಸಿಗುವ ಊರಿಗೆ ವರ್ಗವಾಗಿದೆ ಎಂದೇ ನಾನು ತಿಳಿದೆ. ಉಷ್ಣವಲಯದ ದೇಶಕ್ಕೆ ಹೊರಟವನಂತೆ ಒಂದು ಟೋಪಿ, ಒಂದು ಕಪ್ಪು ಕನ್ನಡಕ, ದಾಸವಾಳದ ಚಿತ್ರವಿರುವ ಒಂದು ಅಂಗಿ ಕೊಂಡೆ. ಆಮೇಲೆ ಭೂಪಟ ತೆಗೆದು ನೋಡಿದರೆ ಇಂಡಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ, ಮಂಗಳೂರು 13ರ ಹತ್ತಿರ. ಎರಡೂ ಉಷ್ಣವಲಯವೇ. ಹುಟ್ಟಿದಾಗಿನಿಂದ ಅದರಲ್ಲೇ ಬೆಂದಿದ್ದೇನೆ, ಯಾರೂ ಹೇಳಿರಲಿಲ್ಲ.

ಮನೆ ಸಿಕ್ಕಿದ್ದು ಜೆಪ್ಪುವಿನಲ್ಲಿ, ಮಾರ್ಕೆಟ್ಟಿನ ಹತ್ತಿರದ ಒಂದು ಓಣಿಯಲ್ಲಿ. ಹಂಚಿನ ಮನೆ. ಮುಂದಿನ ಭಾಗದಲ್ಲಿ ಮನೆಯೊಡತಿ, ಹಿಂದಿನ ಎರಡು ಕೋಣೆ ನನಗೆ. ಓಣಿಯವರೆಲ್ಲ ಆಕೆಯನ್ನು ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ನನ್ನನ್ನು ಮೊದಲ ದಿನ “ಸರ್” ಎಂದರು, ಎರಡನೇ ದಿನದಿಂದ “ಪುತಾ”. ಕೊಂಕಣಿಯಲ್ಲಿ ಮಗ ಎಂದರ್ಥ ಎಂದು ಗೊತ್ತಾಗುವವರೆಗೆ ನಾನು ಅದನ್ನು ಬೈಗುಳ ಎಂದುಕೊಂಡಿದ್ದೆ.

ರಾತ್ರಿ ಮಲಗಿ ಮೇಲೆ ನೋಡಿದರೆ ಹಂಚಿನ ಅಡಿಯಲ್ಲಿ ಅಚ್ಚೊತ್ತಿದ ಅಕ್ಷರ: ಬಾಸೆಲ್ ಮಿಷನ್, 1865. ಅಷ್ಟು ಹಳೆಯ ಮನೆಗೆ ಇಷ್ಟು ಹೊಸ ಬಾಡಿಗೆಯೇ ಎಂದು ಬಾಯಮ್ಮನನ್ನು ಕೇಳಿದೆ. ಅದು ಹಂಚಿನ ವಯಸ್ಸಲ್ಲ, ಕಾರ್ಖಾನೆಯ ವಯಸ್ಸು ಎಂದರು. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಇಲ್ಲೇ ಪಕ್ಕದಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಆ ವರ್ಷ ಹಂಚಿನ ಕಾರ್ಖಾನೆ ಶುರುಮಾಡಿದ. ಆಮೇಲೆ ಎಷ್ಟು ವರ್ಷ ಕಳೆದರೂ ಹಂಚಿನ ಮೇಲೆ ಅದೇ ಇಸವಿ. ನಮ್ಮ ಶಾಖೆಯ ಗೋಡೆಗಡಿಯಾರ ನೆನಪಾಯಿತು.

ಮೊದಲ ತಿಂಗಳಲ್ಲೇ ಎರಡು ದುರಂತ ನಡೆದವು. ಅವ್ವ ಅರವತ್ತು ಕಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಳು. ನಮ್ಮೂರಲ್ಲಿ ಅವು ತಿಂಗಳುಗಟ್ಟಲೆ ಹಪ್ಪಳದಂತೆ ಮುರಿಯುತ್ತವೆ. ಜೆಪ್ಪುವಿನಲ್ಲಿ ನಾಲ್ಕನೇ ದಿನಕ್ಕೆ ಹಿಡಿದೆತ್ತಿದರೆ ಒದ್ದೆ ಟವೆಲಿನಂತೆ ಜೋತುಬಿದ್ದವು. ಎಂಟನೇ ದಿನ ಬೂಸ್ಟು ಬಂತು. ಬೆಲ್ಟಿಗೂ ಬೂಸ್ಟು, ಚಪ್ಪಲಿಗೂ ಬೂಸ್ಟು, ಆ ಕಪ್ಪು ಕನ್ನಡಕದ ಪೆಟ್ಟಿಗೆಗೂ ಬೂಸ್ಟು. ಬಿಸಿಲು ಭಾಳ ಎಂದದ್ದಕ್ಕೆ, ಇದು ಬಿಸಿಲಲ್ಲ, ಸೆಕೆ ಎಂದು ಶಾಖೆಯವರು ತಿದ್ದಿದರು. ಬಿಸಿಲು ತಲೆಯ ಮೇಲೆ ಬೀಳುತ್ತದೆ, ಛತ್ರಿ ಹಿಡಿದರೆ ಆಯಿತು. ಸೆಕೆ ಅಂಗಿಯ ಒಳಗೇ ಇರುತ್ತದೆ.

ಎರಡನೆಯದು ಬೊಂಡ. ಮಾರ್ಕೆಟ್ಟಿನ ರಸ್ತೆಯಲ್ಲಿ ಒಂದು ರಟ್ಟಿನ ಮೇಲೆ ಇದ್ದಿಲಿನಿಂದ “ಬೊಂಡ” ಎಂದು ಬರೆದಿತ್ತು. ಸಂಜೆ ಐದು ಗಂಟೆ, ಮಳೆ ಬಿಟ್ಟಿದೆ, ಹೊಟ್ಟೆ ಕೂಗುತ್ತಿದೆ. “ಒಂದ್ ಪ್ಲೇಟ್ ಕೊಡ್ರಿ” ಎಂದೆ. ಆತ ನನ್ನನ್ನು ಒಮ್ಮೆ ನೋಡಿ ಕತ್ತಿ ಎತ್ತಿಕೊಂಡ. ಬೊಂಡಕ್ಕೆ ಕತ್ತಿ ಏಕೆ ಎಂದು ಯೋಚಿಸುವಷ್ಟರಲ್ಲಿ ಎಳನೀರು ಕೆತ್ತಿ, ಕೊಳವೆ ಸಿಗಿಸಿ ಕೈಗಿಟ್ಟ. ಇದು ಕುಡಿಯಲು ಕೊಟ್ಟದ್ದು, ತಿಂಡಿ ಇನ್ನೂ ಬರುವುದಿದೆ ಎಂದು ಕಾದೆ. ಕಾದು ಕಾದು, “ಚಟ್ನಿ ಐತೇನ್ರೀ?” ಎಂದೆ. ಆತ ಕತ್ತಿ ಕೆಳಗಿಟ್ಟ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿಗೆ ತುಳುವಿನಲ್ಲಿ ಏನೋ ಹೇಳಿದ, ಆಕೆ ಆಚೆಯವಳಿಗೆ ದಾಟಿಸಿದಳು. ನಾನು ಎಳನೀರು ಮುಗಿಸುವಷ್ಟರಲ್ಲಿ ಸುದ್ದಿ ಜೆಪ್ಪು ಮಾರ್ಕೆಟ್ ದಾಟಿತ್ತು. ಇಂದಿಗೂ ಆ ಕಡೆ ಹೋದರೆ ಒಬ್ಬರಲ್ಲ ಒಬ್ಬರು “ಚಟ್ನಿ ಉಂಟು, ಬನ್ನಿ” ಎನ್ನುತ್ತಾರೆ.

ಇನ್ನು ದ್ವೀಪ. ಜುಲೈ ತಿಂಗಳ ಒಂದು ಭಾನುವಾರ ದಾಸವಾಳದ ಅಂಗಿ ತೊಟ್ಟು, ಸೇಂಟ್ ಮೇರೀಸ್ ದ್ವೀಪಕ್ಕೆಂದು ಬಸ್ಸು ಹತ್ತಿ ಮಲ್ಪೆಯಲ್ಲಿ ಇಳಿದೆ. ಬಂದರಿನ ತುಂಬ ದೋಣಿಗಳು. ಎಲ್ಲವೂ ಒತ್ತೊತ್ತಾಗಿ ನಿಂತು ಮಳೆಯಲ್ಲಿ ತೋಯುತ್ತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯೇ ನಿಷೇಧ ಎಂಬುದು ಕರಾವಳಿಯ ಕೂಸಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ. ಬಲೆ ಹೆಣೆಯುತ್ತಾ ಕೂತಿದ್ದ ಹಿರಿಯರೊಬ್ಬರನ್ನು ದ್ವೀಪಕ್ಕೆ ಎಷ್ಟು ಹೊತ್ತಿಗೆ ಬೋಟು ಎಂದು ಕೇಳಿದೆ. ಅವರು ಸಮುದ್ರ ನೋಡಿದರು, ನನ್ನ ಅಂಗಿ ನೋಡಿದರು. “ಡಿಸೆಂಬರಿಗೆ ಬನ್ನಿ ಆಯ್ತಾ” ಎಂದರು, ಹತ್ತು ನಿಮಿಷ ಬಿಟ್ಟು ಬನ್ನಿ ಎಂಬಷ್ಟು ಸಲೀಸಾಗಿ.

ಡಿಸೆಂಬರಿಗೆ ಹೋದೆ. ಕಲ್ಲಿನ ಕಂಬಗಳು ಚೆನ್ನಾಗಿವೆ. ಯಾರೋ ಪೆನ್ಸಿಲ್ ಕಟ್ಟುಗಳನ್ನು ನಿಲ್ಲಿಸಿಟ್ಟಂತೆ ಆರು ಮೂಲೆಯ ಕಂಬಗಳು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರಿ ಹೀಗಾಯಿತಂತೆ. ಪಾಲು ಹಂಚಿಕೆಯ ಕಾಲದಲ್ಲಿ ಬಿಸಿ ಏರುವುದು ನಮ್ಮೂರಲ್ಲೂ ಇದ್ದದ್ದೇ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಎಂದು ಪ್ರತೀತಿ. ಮಲ್ಪೆಯವರು ಮಾತ್ರ ಇದನ್ನು ತೋನ್ಸೆಪಾರು ಎನ್ನುತ್ತಾರೆ. ಗಾಮನೂ ನನ್ನಂತೆ ಹೊಸಬ, ಯಾರನ್ನೂ ಕೇಳದೆ ರಟ್ಟಿನ ಮೇಲಿದ್ದುದನ್ನು ತನಗೆ ಬೇಕಾದಂತೆ ಓದಿಕೊಂಡಿರಬೇಕು.

ಆದರೆ ಆ ದ್ವೀಪದಲ್ಲಿ ಜನವಸತಿ ಇಲ್ಲ. ಸಂಜೆಯಾದರೆ ಎಲ್ಲರನ್ನೂ ಬೋಟಿಗೆ ತುಂಬಿ ವಾಪಸ್ ಕಳಿಸುತ್ತಾರೆ. ಜನ ಇರುವ ದ್ವೀಪ ಬೇಕಿತ್ತು ನನಗೆ. ನಮ್ಮ ಶಾಖೆಯ ಕ್ಯಾಷಿಯರ್ ಹಾಗಾದರೆ ಹಳೆ ಬಂದರಿಗೆ ಹೋಗಿ ಎಂದರು. ಹೋದೆ. ಧಕ್ಕೆಯಲ್ಲಿ ಮಂಜಿಗಳು ನಿಂತಿದ್ದವು. ಮಂಜಿ ಎಂದರೆ ಹೊಟ್ಟೆ ದೊಡ್ಡದಿರುವ ಮರದ ಹಡಗು. ಜಲ್ಲಿ, ಮರಳು, ಸಿಮೆಂಟ್, ಈರುಳ್ಳಿ, ಬಾಳೆಗೊನೆ ಎಲ್ಲ ಅದರ ಹೊಟ್ಟೆ ಸೇರುತ್ತಿತ್ತು. ಎಲ್ಲಿಗೆ ಎಂದರೆ ಲಕ್ಷದ್ವೀಪಕ್ಕೆ. ಫೋಟೋದಲ್ಲಿ ಅಷ್ಟು ಚಂದ ಕಾಣುವ ದ್ವೀಪಕ್ಕೆ ಈರುಳ್ಳಿಯೂ ಜೆಪ್ಪುವಿನ ಮಗ್ಗುಲಿಂದಲೇ ಹೋಗಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನನ್ನೂ ಒಂದು ಮೂಟೆಯೆಂದು ಹಾಕಿಕೊಳ್ಳುತ್ತೀರಾ ಎಂದು ಕೇಳಿದೆ. ಅಮಿನಿ ದ್ವೀಪದಿಂದ ಸಾಮಾನು ಕೊಳ್ಳಲು ಬಂದಿದ್ದವರೊಬ್ಬರು ಮಲಯಾಳ ಬೆರೆತ ಕನ್ನಡದಲ್ಲಿ, “ಪರ್ಮಿಟ್ ಬೇಕು. ಈರುಳ್ಳಿಗೆ ಬೇಡ, ನಿಮಗೆ ಬೇಕು” ಎಂದರು.

ಮರುದಿನ ಕ್ಯಾಷಿಯರ್ ನೋಟು ಎಣಿಸುತ್ತಾ ಚರಿತ್ರೆ ಹೇಳಿದರು. ಅಮಿನಿಯವರು ಕಣ್ಣಾನೂರಿನ ಅರಸು ಮನೆತನದ ಕಾಟ ತಾಳದೆ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟಿದ್ದರಂತೆ. ಟಿಪ್ಪು ಹೋದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ ಕಂಪನಿಯ ಕೈಗೆ ಬಂದು ಕೆನರಾ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಇಲ್ಲಿಯ ಸರ್ಕಾರಕ್ಕೆ ಕೊಡುವುದು, ಅಕ್ಕಿ ಒಯ್ಯುವುದು. ಮಂಗಳೂರಿನ ಕಲೆಕ್ಟರೇ ಆ ಹವಳದ ದಿಬ್ಬಗಳಿಗೂ ಧಣಿ. ಅದೆಲ್ಲ ಮುಗಿದದ್ದು 1956ರ ನವೆಂಬರ್ 1ರಂದು, ಅವು ಕೇಂದ್ರಾಡಳಿತಕ್ಕೆ ಹೋದಾಗ.

“ನವೆಂಬರ್ ಒಂದೇನ್ರೀ? ಅವತ್ತ ನಮ್ಮ ಬಿಜಾಪುರ ಮುಂಬಯಿ ರಾಜ್ಯ ಬಿಟ್ಟು ನಿಮ್ಮ ಜೋಡಿ ಸೇರಿದ್ದು” ಎಂದೆ.

ಅವರ ಬೆರಳು ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಹಾಗಾದರೆ ದ್ವೀಪ ಕೊಟ್ಟು ನಿಮ್ಮನ್ನು ತಗೊಂಡದ್ದು!” ಒಂದು ಕ್ಷಣ ಬಿಟ್ಟು, “ಎಣಿಸಿ ತಗೊಳ್ಳಬೇಕಿತ್ತು” ಎಂದು ಮತ್ತೆ ನೋಟಿಗೆ ಇಳಿದರು.

ಬಾಯಮ್ಮನಿಗೆ ನನ್ನ ದ್ವೀಪದ ಹುಚ್ಚು ಅರ್ಥವಾಗಲಿಲ್ಲ. “ನನ್ನ ತಂಗಿಯನ್ನು ಕೊಟ್ಟದ್ದು ಕುದ್ರುಗೇ ಅಲ್ಲವಾ? ಮೊಂತಿ ಹಬ್ಬಕ್ಕೆ ನೀನೂ ಬಾ ಪುತಾ” ಎಂದರು. ಕುದ್ರು ಎಂದರೆ ಹೊಳೆಯ ನಡುವಿನ ನೆಲ, ಜೆಪ್ಪುವಿನ ಪಕ್ಕ ಹರಿಯುವ ಅದೇ ನೇತ್ರಾವತಿಯಲ್ಲಿ, ಮೇಲಕ್ಕೆ ಅಡ್ಯಾರಿನ ಎದುರಿಗೆ ಇರುವ ಪಾವೂರು ಉಳಿಯ. ನಮ್ಮ ಕಡೆ ಇದಕ್ಕೆ ಗಡ್ಡಿ ಎನ್ನುತ್ತೇವೆ. ಲಿಂಗಸುಗೂರಿನ ಕರಕಲಗಡ್ಡಿಯಂಥವು ಕೃಷ್ಣೆಗೆ ನೀರು ಬಿಟ್ಟಾಗ ಪೇಪರಿನಲ್ಲಿ ಬರುತ್ತವೆ, ಅಲ್ಲಿಯವರನ್ನು ಹೇಗೆ ಹೊರಗೆ ತರಬೇಕೆಂಬ ಚಿಂತೆಯ ಸಮೇತ. ಒಳಗೆ ಹೋಗಲು ಹೊಸ ಅಂಗಿ ತೊಟ್ಟು ಹೊರಟವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಸೆಪ್ಟೆಂಬರ್ 8, ಕನ್ಯೆ ಮೇರಿ ಹುಟ್ಟಿದ ದಿನ, ಮಂಗಳೂರಿನ ಕ್ರೈಸ್ತರಿಗೆ ತೆನೆಹಬ್ಬವೂ ಹೌದು. ನನಗೆ ಒಂದೇ ಅಳುಕು, ಊಟ. ಜೆಪ್ಪುವಿನಲ್ಲಿ ವರ್ಷ ಕಳೆದರೂ ಬೂತಾಯಿ, ಬಂಗುಡೆಗಳ ಜೊತೆ ನನ್ನದು ದೂರದ ನಮಸ್ಕಾರ. ಹಬ್ಬದ ಮನೆಯಲ್ಲಿ ಬೇಡವೆನ್ನುವುದಾದರೂ ಮರ್ಯಾದೆಯಿಂದ ಎನ್ನಬೇಕಲ್ಲ ಎಂದು ಪಕ್ಕದ ಮನೆಯ ಹುಡುಗನಿಂದ ಒಂದು ಕೊಂಕಣಿ ವಾಕ್ಯ ಕಲಿತೆ: “ಮ್ಹಾಕಾ ಮಾಸ್ಳಿ ನಾಕಾ.” ನನಗೆ ಮೀನು ಬೇಡ. ವಾರವಿಡೀ ಹಲ್ಲುಜ್ಜುವಾಗ ಬಾಯಿಪಾಠ ಮಾಡಿದೆ.

ಮಳೆ ನಿಂತ ತಿಂಗಳುಗಳಲ್ಲಿ ಕುದ್ರುವಿಗೆ ತಾತ್ಕಾಲಿಕ ಕಾಲುಸೇತುವೆ ಇರುತ್ತದೆ, ಮಳೆಗಾಲದಲ್ಲಿ ದೋಣಿಯೇ ಗತಿ. ದೋಣಿಯಲ್ಲಿ ನನ್ನ ಎದುರಿಗೆ ಒಂದು ಗ್ಯಾಸ್ ಸಿಲಿಂಡರ್ ಕೂತಿತ್ತು. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ಮಕ್ಕಳು, ಅಕ್ಕಿಮೂಟೆ, ಒಂದು ಹೊಸ ಮಿಕ್ಸಿ. ಬಾಯಮ್ಮ ಛತ್ರಿ ಬಿಚ್ಚಿ ಬಸ್ಸಿನಲ್ಲಿ ಕೂತಂತೆ ಕೂತರು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಇಂಡಿಯ ಎಲ್ಲ ದೇವರನ್ನೂ ಊರಿನ ಹೆಸರಿನೊಂದಿಗೆ ನೆನೆದೆ. “ಅಂಚು ಬಿಡಿ, ದೋಣಿ ನಿಮ್ಮನ್ನು ಹಿಡಿದುಕೊಂಡಿದೆ” ಎಂದ ದೋಣಿಯವ.

ಇಗರ್ಜಿಯಲ್ಲಿ ಮಕ್ಕಳು ಮೇರಿಯಮ್ಮನಿಗೆ ಹೂ ಎರಚಿದರು, ಹರಸಿದ ತೆನೆಯನ್ನು ಮನೆಮನೆಗೆ ಹಂಚಿದರು. ತಂಗಿಯ ಮನೆಯಲ್ಲಿ ಊಟಕ್ಕೆ ಬಾಳೆಲೆ ಹಾಕಿದರು. ಮನೆಯಾಕೆ ಪಾತ್ರೆ ಹಿಡಿದು ನನ್ನ ಮುಂದೆ ಬಂದದ್ದೇ ತಡ, ಕೈ ಜೋಡಿಸಿ, ಗಟ್ಟಿಯಾಗಿ, “ಮ್ಹಾಕಾ ಮಾಸ್ಳಿ ನಾಕಾ!” ಎಂದೆ.

ಮನೆ ಸ್ತಬ್ಧವಾಯಿತು. ಆಮೇಲೆ ಅಡುಗೆಮನೆಯಿಂದ ಶುರುವಾದ ನಗು ಅಂಗಳದವರೆಗೆ ಹೋಗಿ ವಾಪಸ್ ಬಂತು. ವರ್ಷವಿಡೀ ಮೀನು ತಿನ್ನುವವರೂ ಮೊಂತಿ ಹಬ್ಬದ ದಿನ ಮೀನು ಮುಟ್ಟುವುದಿಲ್ಲ. ಅವತ್ತು ಅಪ್ಪಟ ಸಸ್ಯಾಹಾರ. ಪಲ್ಯಗಳು ಬೆಸ ಸಂಖ್ಯೆಯಲ್ಲಿರಬೇಕು. ಎಣಿಸಿದೆ, ಏಳಿತ್ತು: ಬೆಂಡೆ, ಹಾಗಲ, ಹರಿವೆ, ಕೆಸು ಹೀಗೆ. ಮೊದಲಿಗೆ ಮನೆಯ ಹಿರಿಯ ಹೊಸ ಅಕ್ಕಿಯ ಕಾಳು ಹಾಕಿದ ತೆಂಗಿನಹಾಲನ್ನು ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟರು. ನನ್ನ ಸರದಿ ಬಂದಾಗ, “ಇದರಲ್ಲಿಯೂ ಮೀನಿಲ್ಲ” ಎಂದರು ಗಂಭೀರವಾಗಿ.

ಊಟವಾದ ಮೇಲೆ ಅವರು ಕುದ್ರು ತೋರಿಸಲು ಕರೆದೊಯ್ದರು. ಒಂದು ಕಡೆ ನಿಂತು ಹೊಳೆಯ ನಡುವಿಗೆ ಕೈಮಾಡಿ, “ಅಲ್ಲಿ ನಮ್ಮ ತೆಂಗಿನ ತೋಟ” ಎಂದರು. ನೀರು ಬಿಟ್ಟು ಏನೂ ಕಾಣಲಿಲ್ಲ. ಸುತ್ತಲಿನ ಮರಳು ತೆಗೆದು ತೆಗೆದು ಕುದ್ರು ಬದಿಯಿಂದ ಕರಗುತ್ತಾ ಬಂದಿದೆ. “ಪಹಣಿಯಲ್ಲಿ ಜಾಗ ಉಂಟು. ಕಣ್ಣಿಗೆ ಇಲ್ಲ.” ಬ್ಯಾಂಕಿನವನಾದ ನನಗೆ ಸೆಕೆ ಒಮ್ಮೆಲೇ ಹೆಚ್ಚಾಯಿತು. ನಾವು ಅಡವಿಟ್ಟುಕೊಂಡ ಎಷ್ಟು ಆಸ್ತಿ ಹೀಗೆ ನೇತ್ರಾವತಿಯ ತಳದಲ್ಲಿದೆಯೋ!

ಮಾತು ನೀರಿಗೆ ಹೊರಳಿತು. ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರುತ್ತಿತ್ತು, ಸುತ್ತ ಹೊಳೆ ಇದ್ದರೂ ಕುಡಿಯುವ ನೀರಿಗೆ ಪರದಾಟ ಎಂದರು. “ನಿಮ್ಮ ಕಡೆ ಹೇಗೆ ಮಾಡುತ್ತೀರಿ?”

“ಟ್ಯಾಂಕರ್ ಬರ್ತದ್ರೀ.”

ಅವರು ಸ್ವಲ್ಪ ಹೊತ್ತು ನನ್ನೂರಿನ ಭಾಗ್ಯವನ್ನು ಯೋಚಿಸಿದರು. “ಇಲ್ಲಿಗೂ ತರಬಹುದಿತ್ತು. ದೋಣಿಗೆ ಹತ್ತಿಸುವುದು ಹೇಗೆ?”

ಸಂಜೆ ಹಿಂದಿರುಗುವಾಗ ಇಳಿತದ ಹೊತ್ತು. ಆ ವರ್ಷ ಹತ್ತು ದಿನದಿಂದ ಮಳೆ ಬಿಟ್ಟಿತ್ತು. ಅಡ್ಯಾರಿನ ದಡ ಇನ್ನೂ ಮೂವತ್ತು ಮಾರು ಇರುವಾಗ ದೋಣಿಯ ಹೊಟ್ಟೆ ಮರಳಿಗೆ ಕಚ್ಚಿ ಗರ್ ಎಂದು ನಿಂತುಬಿಟ್ಟಿತು. ದೋಣಿಯವ ನನ್ನತ್ತ ನೋಡಿ, “ಗಂಡಸರು ಇಳಿಯಿರಿ” ಎಂದ. ಗಂಡಸರು ಎಂದರೆ ಅವನನ್ನು ಬಿಟ್ಟರೆ ನಾನೊಬ್ಬನೇ. ಪ್ಯಾಂಟು ಮಡಚಿ, ಚಪ್ಪಲಿ ಕಂಕುಳಲ್ಲಿಟ್ಟು, ಕಣ್ಣು ಮುಚ್ಚಿ ನೇತ್ರಾವತಿಗೆ ಇಳಿದೆ. ಕಾಲಿಗೆ ತಕ್ಷಣ ನೆಲ ಸಿಕ್ಕಿತು. ಅದೇ ಹೊತ್ತಿಗೆ ಫೋನು.

“ಎಲ್ಲಿದ್ದೀಯೋ?” ಅವ್ವ.

“ಹೊಳ್ಯಾಗ ನಿಂತೀನಿ ಅವ್ವ.”

“ಅಯ್ಯ ಶಿವನೆ! ನೀರು ಎಷ್ಟೈತಿ?”

“ಮೊಳಕಾಲ ಮಟ.”

ಆ ಕಡೆ ಒಂದು ನಿಮಿಷ ಮಾತಿಲ್ಲ. “ಮೊಳಕಾಲ ಮಟ? ಇಲ್ಲಿ ನಮ್ಮ ಭೀಮಾ ಹೊಳಿಗೆ ಎರಡಾಳು ನೀರು ಬಂದೈತಿ. ಮಂದಿ ಟ್ರ್ಯಾಕ್ಟರ್ ಮಾಡ್ಕೊಂಡು ನೋಡಾಕ ಹೊಂಟೈತಿ. ನೀ ಮೊಳಕಾಲ ಮಟ ನೀರು ನೋಡಾಕ ಅಲ್ಲಿತನಕ ಹೋಗಿಯಲ್ಲೋ?”

ಏನು ಹೇಳಲಿ ಎಂದು ಯೋಚಿಸುತ್ತಿರುವಾಗ ದೋಣಿಯೊಳಗೆ ಛತ್ರಿ ಸ್ವಲ್ಪ ಓರೆಯಾಯಿತು. “ಪುತಾ,” ಎಂದರು ಬಾಯಮ್ಮ, “ಅಮ್ಮನಿಗೆ ಆಮೇಲೆ ಮಾಡುತ್ತೇನೆ ಅಂತ ಹೇಳು. ಮೊದಲು ದೂಡು.”