ಮುಖವಾಡ ಯಾರಿಗೆ, ಫ್ಲೆಕ್ಸ್ ಯಾರಿಗೆ

ಹೋರಾಟದ ವಿಷಯದಲ್ಲಿ ಪರದೇಶದವರು ತೀರಾ ದಡ್ಡರು. 2008ರ ಫೆಬ್ರುವರಿ 10ರಂದು ಲಂಡನ್, ಸಿಡ್ನಿ, ನ್ಯೂಯಾರ್ಕ್ ಸೇರಿ ಎಷ್ಟೋ ಊರುಗಳಲ್ಲಿ ಜನ ಸೈಂಟಾಲಜಿ ಎಂಬ ಗುಟ್ಟಿನ ಪಂಥದ ಕಚೇರಿಗಳ ಮುಂದೆ ಜಮಾಯಿಸಿದರು. ತಮ್ಮನ್ನು ‘ಅನಾನಿಮಸ್’, ಅಂದರೆ ಅನಾಮಿಕರು, ಎಂದು ಕರೆದುಕೊಂಡರು. ಅಧ್ಯಕ್ಷರಿಲ್ಲ, ಖಜಾಂಚಿಯಿಲ್ಲ, ತಾಲ್ಲೂಕು ಘಟಕವಿಲ್ಲ. ಪಂಥದವರು ಗುರುತು ಹಿಡಿದು ಕೋರ್ಟಿಗೆ ಅಲೆಸಿಯಾರೆಂದು ಮುಖಕ್ಕೆ ಇಂಗ್ಲೆಂಡಿನ ಹಳೆಯ ಬಂಡುಕೋರ ಗೈ ಫಾಕ್ಸನ ಮೀಸೆ ತಿರುವಿದ ಮುಖವಾಡ ಬೇರೆ. ಮುಖವನ್ನೇ ಮುಚ್ಚಿಕೊಂಡರೆ ಮರುದಿನ ಪೇಪರಿನಲ್ಲಿ ಯಾರ ಫೋಟೊ ಹಾಕುವುದು?

ನಮ್ಮ ರಾಮನಗರ ಸೀಮೆಯಲ್ಲಿ ಇದಕ್ಕೆಲ್ಲ ಒಂದು ಪದ್ಧತಿಯಿದೆ. ಮೊದಲು ಫ್ಲೆಕ್ಸ್. ಅದರಲ್ಲಿ ರಾಜ್ಯಾಧ್ಯಕ್ಷರ ಮುಖ ಗಾಡಿಯ ಚಕ್ರದಷ್ಟು, ಜಿಲ್ಲಾಧ್ಯಕ್ಷರದು ಬಿಡದಿಯ ತಟ್ಟೆ ಇಡ್ಲಿಯಷ್ಟು, ಬೇಡಿಕೆ ಸಾಸಿವೆಯಷ್ಟು. ಆಮೇಲೆ ಧಿಕ್ಕಾರ, ಪ್ರತಿಕೃತಿ ದಹನ. ಕ್ಯಾಮೆರಾದವರು ಬರುವುದು ತಡವಾದರೆ ಪ್ರತಿಕೃತಿಯೂ ಬಿಸಿಲಲ್ಲಿ ಕಾಯಬೇಕು.

ಬಿಡದಿಯ ನಿತ್ಯಾನಂದ ಧ್ಯಾನಪೀಠದ ಮುಂದೆ ಇದೆಲ್ಲ ಸಾಂಗವಾಗಿ ನಡೆದಿದೆ. 2010ರ ಮಾರ್ಚಿನಲ್ಲಿ ಟಿವಿಯಲ್ಲಿ ಸ್ವಾಮಿ ನಿತ್ಯಾನಂದರದೆನ್ನಲಾದ ಖಾಸಗಿ ವಿಡಿಯೊ ಬಂತು. ಆಶ್ರಮದ ಮೇಲೆ ಕಲ್ಲು ಬಿತ್ತು. ಸ್ವಾಮಿ ಸಿಕ್ಕಿದ್ದು ಏಪ್ರಿಲಿನಲ್ಲಿ, ಹಿಮಾಚಲದ ಸೋಲನ್‌ನಲ್ಲಿ. 2012ರ ಜೂನ್‌ನಲ್ಲಿ ಸುದ್ದಿಗೋಷ್ಠಿಯಲ್ಲೇ ಗಲಾಟೆಯಾಗಿ ಮತ್ತೆ ಪ್ರತಿಭಟನೆ, ಬಂಧಿಸಿ ಎಂದು ಮುಖ್ಯಮಂತ್ರಿ ಸದಾನಂದಗೌಡರ ಆದೇಶ, ರಾಮನಗರ ನ್ಯಾಯಾಲಯದಲ್ಲಿ ಶರಣಾಗತಿ, ಜಾಮೀನು. ಫ್ಲೆಕ್ಸ್ ಬಿಚ್ಚಿದರು. ಎಲ್ಲರೂ ಮನೆಗೆ ಹೋದರು. ಸ್ವಾಮಿಯೂ ಆಶ್ರಮಕ್ಕೆ ಹೋದರು.

2018ರಲ್ಲಿ ಸ್ವಾಮಿಯ ಮೇಲಿನ ಅತ್ಯಾಚಾರ ಪ್ರಕರಣದ ಆರೋಪ ನಿಗದಿಯಾಯಿತು. ಹಸುಗಳ ಬಾಯಲ್ಲಿ ತಮಿಳು, ಸಂಸ್ಕೃತ ಆಡಿಸುತ್ತೇನೆಂದು ಸ್ವಾಮಿ ಘೋಷಿಸಿದ್ದೂ ಅದೇ ವರ್ಷ. ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕೆಂಗಲ್ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಬಾಯಿಬಿಟ್ಟು ತನ್ನ ರೇಟು ತಾನೇ ಹೇಳಿಬಿಟ್ಟರೆ, ಟವಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗಳ ಗತಿಯೇನು ಎಂದು ಕರುಣೆ ತೋರಿರಬೇಕು. ಮಾತಾಡುವ ಹಸು ಬರಲಿಲ್ಲ. ಮಾತಾಡುತ್ತಿದ್ದ ಸ್ವಾಮಿಯೇ ಮಾಯ.

ಜಾಮೀನು ರದ್ದುಮಾಡಿ ಎಂಬ ಅರ್ಜಿ ಹೈಕೋರ್ಟಿಗೆ ಬಂದಾಗ ನೋಟಿಸ್ ಕೊಡಲು ಹೋದ ಪೊಲೀಸರು ವರದಿ ಒಪ್ಪಿಸಿದರು: ಸ್ವಾಮಿ ‘ಆಧ್ಯಾತ್ಮಿಕ ಪ್ರವಾಸ’ದಲ್ಲಿದ್ದಾರೆ. ಪಾಸ್‌ಪೋರ್ಟ್ ಅವಧಿ ಮುಗಿದವರ ಪ್ರವಾಸ! ನಮ್ಮ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ತಾನೇ ದೇವರೆನ್ನುವವರು ಪ್ರವಾಸ ಹೊರಟರೆ ಸರ್ಕಾರದ ಕೆಲಸ ನಿಲ್ಲುವುದು ಸಹಜವೇ. 2020ರ ಫೆಬ್ರುವರಿಯಲ್ಲಿ ಜಾಮೀನು ರದ್ದಾಯಿತು, ಹಕ್ಕಿ ಹಾರಿದ ಮೇಲೆ ಪಂಜರಕ್ಕೆ ಬೀಗ ಬಿದ್ದಂತೆ.

ಜಾಮೀನು ರದ್ದಾಗುವ ಮೊದಲೇ ಎದ್ದಿದ್ದರು ನೋಡಿ ನಮ್ಮ ‘ಅನಾನಿಮಸ್’ಗಳು! 2019ರ ಡಿಸೆಂಬರಿನಲ್ಲಿ ಸ್ವಾಮಿ ತಾನೇ ಕಟ್ಟಿದೆನೆಂದ ‘ಕೈಲಾಸ’ ದೇಶದ ಸುದ್ದಿ ಬಂದದ್ದೇ ತಡ, ಟ್ರೋಲ್ ಪೇಜುಗಳು ಬಡಿದೆಬ್ಬಿಸಿದಂತೆ ಎದ್ದವು. ಹೆಸರಿಲ್ಲ, ನಾಯಕನಿಲ್ಲ, ಕಚೇರಿಯಿಲ್ಲ. ವೀಸಾ ಎಲ್ಲಿ ಸಿಗುತ್ತದೆ ಎಂದು ಕ್ರಿಕೆಟಿಗ ಆರ್. ಅಶ್ವಿನ್ ಕೂಡ ಟ್ವೀಟ್ ಮಾಡಿದರು. ಸಾಲದ ಕಂತು ಕಟ್ಟಲಾಗದವರು, ಹೆಣ್ಣು ಸಿಗದವರು, ಮೇಲಧಿಕಾರಿಯ ಕಾಟ ತಾಳದವರು ಎಲ್ಲರೂ ಕೈಲಾಸಕ್ಕೆ ಟಿಕೆಟ್ ಕೇಳುವವರೇ. ಅತ್ಯಾಚಾರದ ಆರೋಪಿ ಐದೇ ದಿನದಲ್ಲಿ ಮನೆಮಂದಿಯೆಲ್ಲ ನಗುವ ಕಾಮಿಡಿ ನಟನಾದರು. ಸ್ವಾಮಿಗೆ ಇದಕ್ಕಿಂತ ಅಗ್ಗದ ಪ್ರಚಾರ ಬೇಕೆ? ನಾವು ನಗುತ್ತಿದ್ದೆವು, ಅತ್ತ ಕೆಲಸ ಸಾಗುತ್ತಿತ್ತು. 2020ರಲ್ಲಿ ಕೈಲಾಸಕ್ಕೆ ರಿಸರ್ವ್ ಬ್ಯಾಂಕ್ ಬಂತು. 2023ರಲ್ಲಿ ಅಮೆರಿಕದ ನ್ಯೂವಾರ್ಕ್ ನಗರ ಸೋದರಿ ನಗರವೆಂದು ಒಪ್ಪಂದ ಮಾಡಿಕೊಂಡು, ಮರ್ಯಾದೆ ಹೋದ ಮೇಲೆ ರದ್ದುಪಡಿಸಿತು. ಜಿನೀವಾದ ವಿಶ್ವಸಂಸ್ಥೆ ಸಭೆಯಲ್ಲಿ ಕೈಲಾಸದ ಪ್ರತಿನಿಧಿ ಮೈಕ್ ಹಿಡಿದರು. ಪರಾಗ್ವೆಯಲ್ಲಿ ಕೈಲಾಸದ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿ ಕೆಲಸ ಕಳೆದುಕೊಂಡರು.

ಒಟ್ಟು ಲೆಕ್ಕ ಹೀಗಿದೆ. ಅಲ್ಲಿ ಮುಖ ಮುಚ್ಚಿಕೊಂಡವರು ಪಂಥದ ಬಾಗಿಲಿಗೇ ಹೋಗಿ ನಿಂತರು. ಇಲ್ಲಿ ಮುಖ ತೋರಿಸಿದವರಿಗೆ ಫೋಟೊ ಸಿಕ್ಕಿತು, ಮುಖ ಮುಚ್ಚಿಕೊಂಡವರಿಗೆ ಲೈಕು ಸಿಕ್ಕಿತು, ಆರೋಪಿಗೆ ದೇಶವೇ ಸಿಕ್ಕಿತು.

ಪ್ರಕರಣವನ್ನು ಕೋರ್ಟಿನವರೆಗೆ ಎಳೆದದ್ದು ಇವರ್ಯಾರೂ ಅಲ್ಲ. ಹೆಸರು, ವಿಳಾಸ ಕೊಟ್ಟು ಸಹಿ ಹಾಕಿದ ಮಾಜಿ ಕಾರು ಚಾಲಕ, ಬಹಿರಂಗವಾಗಿ ಮಾತಾಡಿದ ಮಾಜಿ ಶಿಷ್ಯೆ. ಅವರಿಗೆ ಮುಖವಾಡವೂ ಇರಲಿಲ್ಲ, ಫ್ಲೆಕ್ಸೂ ಇರಲಿಲ್ಲ. ಸ್ವಾಮಿ ಆರೋಪವನ್ನೆಲ್ಲ ಅಲ್ಲಗಳೆದಿದ್ದಾರೆ. ಸತ್ಯ ಯಾವುದೆಂದು ನ್ಯಾಯಾಲಯ ಹೇಳಬೇಕು. ಹೇಳಬೇಕಾದರೆ ಆರೋಪಿ ಕಟಕಟೆಗೆ ಬರಬೇಕು.

ಮುಂದಿನ ಸಲ ಕೈಲಾಸದ ಮೀಮ್ ಬಂದರೆ ಧಾರಾಳವಾಗಿ ನಗಿ. ನಕ್ಕಾದ ಮೇಲೆ, ವೋಟು ಕೇಳಲು ಬಂದವರನ್ನು ಸ್ವಾಮಿಯ ಮೇಲಿನ ರಾಮನಗರ ಕೋರ್ಟಿನ ವಾರಂಟ್ ಏನಾಯಿತು ಎಂದು ಕೇಳಿ. ಕೇಳುವಾಗ ನಿಮ್ಮ ಹೆಸರನ್ನೂ ಹೇಳಿ.