ಪಿಎಚ್ ಕಾಕಾ, ಕೋಟನೂರ ಡಿ

ಸರ್ಕಾರಿ ಕಾಗದದಲ್ಲಿ ನಮ್ಮದು ಬರೀ ಕೋಟನೂರ ಅಲ್ಲ, ಕೋಟನೂರ (ಡಿ). ಈ ಡಿ ಯಾಕೆ ಬಂತು ಎಂದು ಲೇಔಟಿನವರು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದಕ್ಕೊಂದು ಅರ್ಥ ಕೊಟ್ಟವರು ಹಿಂದಿನ ಸಾಲಿನ ಕಾಕಾ. ಬ್ಯಾಂಕಿನಿಂದ ನಿವೃತ್ತರಾಗಿ ಬಂದು, ಪಡಸಾಲೆಯ ಈಶಾನ್ಯ ಮೂಲೆಗೆ ಮೀನಿನ ಗಾಜಿನ ತೊಟ್ಟಿ ಇಟ್ಟು, ದಿನಕ್ಕೆ ಮೂರು ಸಲ ಅದರ ಪಿಎಚ್ ನೋಡತೊಡಗಿದ ಮೇಲೆ ಓಣಿಯ ಹುಡುಗರು ಅವರ ವಿಳಾಸವನ್ನು ‘ಪಿಎಚ್ ಕಾಕಾ, ಕೋಟನೂರ ಡಿ’ ಎಂದು ಹೇಳಲು ಶುರು ಮಾಡಿದರು. ನಡುವಿನ ಎರಡು ಶಬ್ದ ತೆಗೆದುಬಿಟ್ಟರೆ ಡಾಕ್ಟರೇಟ್ ಪೂರ್ತಿ.

ಇಂಥವರು ನಿಮ್ಮ ಓಣಿಯಲ್ಲೂ ಇದ್ದಾರೆ. ಮೀನಿಗಿಂತ ಮೊದಲು ಇವರ ಕೈಯಲ್ಲಿ ಬಿಪಿ ಮಷೀನ್ ಇತ್ತು, ಅದಕ್ಕೂ ಮೊದಲು ಶುಗರ್ ಮಷೀನ್. ಯಾವುದರಲ್ಲಾದರೂ ಒಂದು ಅಂಕಿ ಬರಬೇಕು, ಬಂದ ಅಂಕಿ ಸರಿ ಇರಬಾರದು, ಅದನ್ನು ಸರಿ ಮಾಡಲು ಒಂದು ಬಾಟಲಿ ತರಬೇಕು. ಮೂವತ್ತೈದು ವರ್ಷ ಲೆಡ್ಜರ್ ತಾಳೆ ಹಾಕಿದ ಕೈ ಸುಮ್ಮನೆ ಕೂರುವುದಾದರೂ ಹೇಗೆ?

ತೊಟ್ಟಿ ಬಂದ ಮೊದಲ ಆರು ತಿಂಗಳು ಕಾಕಾ ಸುಖವಾಗಿದ್ದರು. ನೂರು ಲೀಟರ್ ನೀರು, ಎಂಟು ಕರಿ ಮಾಲಿ. ನಳ ಬಂದ ದಿನ ಸರಡಗಿ ಬ್ಯಾರೇಜಿನ ಭೀಮಾ ನೀರು, ಬರದ ದಿನ ಬೋರಿನ ನೀರು. ಮಾಲಿಗಳು ತಿಂಗಳಿಗೊಮ್ಮೆ ಮರಿ ಹಾಕಿ, ಹಾಕಿದ ಮರಿಗಳನ್ನು ತಾವೇ ಅರ್ಧ ತಿಂದು, ಉಳಿದರ್ಧವನ್ನು ಸಾಕಿಕೊಂಡು ಆನಂದವಾಗಿದ್ದವು. ಆಮೇಲೆ ಬೆಂಗಳೂರಿನ ಮಗ ಪ್ರೀತಿಯಿಂದ ಒಂದು ಟೆಸ್ಟ್ ಕಿಟ್ ಕಳಿಸಿದ.

ಆ ಪರೀಕ್ಷೆ ನಡೆಯುವುದನ್ನು ನೀವು ನೋಡಬೇಕು. ಕಾಕಾ ಕೈಕಾಲು ತೊಳೆದುಕೊಂಡು ಬರುತ್ತಾರೆ. ಸಣ್ಣ ಗಾಜಿನ ನಳಿಕೆಯಲ್ಲಿ ಐದು ಮಿಲಿ ಗೆರೆಯತನಕ ನೀರು ತುಂಬಿ, ಒಂದು ಕಣ್ಣು ಮುಚ್ಚಿ ಗೆರೆ ನೋಡಿ, ತೀರ್ಥ ಕೊಡುವ ಅಯ್ಯನವರ ಗಾಂಭೀರ್ಯದಲ್ಲಿ ಮೂರು ಹನಿ ಬಿಡುತ್ತಾರೆ. ಮುಚ್ಚಳ ಹಾಕಿ ಅಲ್ಲಾಡಿಸಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಹಳದಿ ಬಂದರೆ ಹುಳಿ, ಹಸಿರು ಬಂದರೆ ಏಳು, ನೀಲಿಗೆ ತಿರುಗಿದರೆ ಎಂಟರತ್ತ.

“ತಮ್ಮಾ, ಜರಾ ನೋಡು. ಹಸರ ಅದನೋ ನೀಲಿ ಅದನೋ?”

“ಹಸರ ಅನಸ್ತದ ಕಾಕಾ.”

“ಎಂಥಾ ಹಸರ?”

ಅಡಿಗೆಮನೆಯಿಂದ ಕಾಕು ಬಗ್ಗಿ ನೋಡಿದರು. “ನವಿಲಗರಿ ಬಣ್ಣರೀ ಅದು. ನಿಮ್ಮಕ್ಕ ಇಳಕಲ್ ಸೀರಿ ಉಡಿಸಿದ್ರಲ್ಲ, ಅದ ಬಣ್ಣ.” ಕಾಕಾ ಬಣ್ಣದ ಚೀಟಿಗೆ ಹೋಲಿಸಿದರು. ಕಾಕು ಹೇಳಿದ್ದೇ ಖರೇ. ಎಂಟು.

ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ ‘ಏಳು ಉತ್ತಮ’ ಎಂದಿತ್ತು. ಅಲ್ಲಿಗೆ ಕಾಕಾನ ನಿದ್ದೆ ಹೋಯಿತು. ಪಿಎಚ್ ಲೆಕ್ಕದಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು ಎಂಬುದನ್ನು ಅವರು ಓದಿಕೊಂಡಿದ್ದರು. ಅದನ್ನು 1909ರಲ್ಲಿ ಕಂಡುಹಿಡಿದದ್ದು ಡೆನ್ಮಾರ್ಕಿನ ಸೋರೆನ್‌ಸನ್ ಎಂದು ಓಣಿಗೆಲ್ಲ ಹೇಳಿಯೂ ಹೇಳಿದರು. ಸೋರೆನ್‌ಸನ್ ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಶಾಲೆಯಲ್ಲಿ ಎಂಬುದನ್ನು ಮಾತ್ರ ಸೋಮವಾರ ಒಪ್ಪತ್ತು ಮಾಡುವ ಕಾಕುಗೆ ಹೇಳಿಲ್ಲ.

ಪಿಎಚ್ ಇಳಿಸುವ ಬಾಟಲಿ ಬಂತು. ಸಂಜೆ ಹತ್ತು ಹನಿ ಹಾಕಿದರೆ ಏಳು, ಬೆಳಿಗ್ಗೆ ನೋಡಿದರೆ ಮತ್ತೆ ನವಿಲುಗರಿ. ಮತ್ತೆ ಹನಿ, ಮತ್ತೆ ನವಿಲುಗರಿ. “ಭಾಳ ಮೊಂಡ ನೀರ ಅದ ಇದು,” ಎಂದರು ಕಾಕಾ. ನೀರಿನದು ಮೊಂಡುತನವಲ್ಲ, ಶ್ರೀಮಂತಿಕೆ. ನಮ್ಮ ಸೀಮೆಯ ನೀರಿನಲ್ಲಿ ಸುಣ್ಣದಂಶ ಹೇರಳ, ಅದರ ಬೈಕಾರ್ಬೊನೇಟು ಹಾಕಿದ ಆಮ್ಲವನ್ನು ನುಂಗಿ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆ ಗಾಳಿ ಇರುವತನಕ ಅಂಕಿ ಇಳಿದಿರುತ್ತದೆ, ರಾತ್ರಿಯಿಡೀ ಗುಳ್ಳೆ ಯಂತ್ರ ಅದನ್ನು ಹೊರಗೆ ಓಡಿಸಿದರೆ ಅಂಕಿ ಮೇಲೇರುತ್ತದೆ. ಮೀನಿನವರು ಈ ದಾಸ್ತಾನಿಗೆ ಕೆಎಚ್ ಅನ್ನುತ್ತಾರೆ. ಬ್ಯಾಂಕಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕೆಎಚ್ ಕಿಸೆಯೊಳಗಿನ ರೊಕ್ಕ, ಪಿಎಚ್ ಮುಖದ ಮೇಲಿನ ಕಳೆ. ಕಿಸೆ ಗಟ್ಟಿ ಇದ್ದವನ ಮುಖ ಸಣ್ಣಪುಟ್ಟ ಖರ್ಚಿಗೆ ಬಾಡುವುದಿಲ್ಲ.

ಕಾಕಾ ಕಿಸೆಯನ್ನೇ ಖಾಲಿ ಮಾಡಿಸಿದರು. ತೊಟ್ಟಿಯ ಹಳೆ ನೀರೆಲ್ಲ ಚೆಲ್ಲಿ ಆರ್‌ಒ ನೀರು ತುಂಬಿದರು. ಆರ್‌ಒದಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ, ಮಳೆನೀರಿನಂತೆ ಮೆತ್ತಗಿನ ನೀರು. ಗಡಸು ನೀರನ್ನೇ ಇಷ್ಟಪಡುವ ಮಾಲಿಗಳನ್ನು ಬಕೆಟ್ಟಿಗೆ ಹಾಕಿ, ಸೂಪರ್ ಮಾರ್ಕೆಟ್ ಕಡೆಯಿಂದ ಒಂದು ಜೋಡಿ ಏಂಜೆಲ್ ತಂದರು. ಅಮೆಜಾನ್ ನದಿಯ ಮೀನು. “ಇದಕ್ಕ ಮೆತ್ತನ್ನ ನೀರ ಬೇಕು,” ಎಂದು ಅಂಗಡಿಯವನು ಹೇಳಿದ್ದಕ್ಕೆ ಕಾಕಾ ನನ್ನ ಮುಖ ನೋಡಿ ಹುಬ್ಬು ಹಾರಿಸಿದರು.

ಆ ಸಂಜೆ ಅಂಕಿ 7.0. ಮನೆಮನೆಗೆ ಪೇಢಾ ಬಂತು. ಮುಂದಿನ ವಾರ 6.6. ಅದರ ಮುಂದಿನ ವಾರ 6.2. ಆಮೇಲೆ ಹಳದಿ, ಹಳದಿ, ಹಳದಿ. ಮೀನು ತಿಂದದ್ದು ಕೊಳೆತು ಅಮೋನಿಯಾ ಆಗುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದು ದಿನದ ಸಂಸಾರದ ಖರ್ಚು. ಹಳೆ ನೀರು ಆ ಖರ್ಚನ್ನು ಸದ್ದಿಲ್ಲದೆ ಭರಿಸುತ್ತಿತ್ತು. ಹೊಸ ನೀರಿನ ಕಿಸೆಯಲ್ಲಿ ಚಿಲ್ಲರೆಯೂ ಇರಲಿಲ್ಲ.

ರಾತ್ರಿ ಹತ್ತಕ್ಕೆ ಕಾಕಾ ಪಿಎಚ್ ಏರಿಸುವ ಪುಡಿ ಹಾಕಿದರು. ಅಂದಾಜಿನ ಮೇಲೆ, ಎರಡು ಚಮಚ. ಬೆಳಿಗ್ಗೆ ನವಿಲುಗರಿ ಬಂದಿತ್ತು, ಏಂಜೆಲ್‌ಗಳು ನೀರಿನ ಮೇಲೆ ಬಾಯಿ ತೆರೆದು ಅಡ್ಡಬಿದ್ದಿದ್ದವು. ಹುಳಿ ನೀರಿನಲ್ಲಿ ಆ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ, ಹೊಲಸು ಕೂಡಿಬೀಳುತ್ತದೆ. ಆದರೆ ಅದು ಅಮೋನಿಯಂ ರೂಪದಲ್ಲಿ ಕೈಕಾಲು ಕಟ್ಟಿಸಿಕೊಂಡು ಕೂತಿರುವುದರಿಂದ ಮೀನಿಗೆ ಅಷ್ಟು ತ್ರಾಸಿಲ್ಲ. ಕಾಕಾ ಒಂದೇ ರಾತ್ರಿ ಅದರ ಹಗ್ಗ ಬಿಚ್ಚಿ ಅಮೋನಿಯಾ ಮಾಡಿದ್ದರು. ಬೇವಿನ ಗಿಡದ ಬುಡದಲ್ಲಿ ಎರಡನ್ನೂ ಹೂಳಿ ಬಂದು, ಕೈ ತೊಳೆದು, ಖಾಲಿ ತೊಟ್ಟಿಯ ಪಿಎಚ್ ನೋಡಿದರು. ರಿಜಿಸ್ಟರಿನಲ್ಲಿ ಒಂದು ಹೊತ್ತೂ ತಪ್ಪಿಲ್ಲ.

ಈ ಗದ್ದಲದಲ್ಲಿ ಬಕೆಟ್ಟಿನ ಮಾಲಿಗಳನ್ನು ಎಲ್ಲರೂ ಮರೆತಿದ್ದೆವು. ಕಾಕು ಮರೆತಿರಲಿಲ್ಲ. ಹಿತ್ತಲಲ್ಲಿ ಶಹಾಬಾದ್ ಫರಸಿ ಜೋಡಿಸಿ ಕಟ್ಟಿದ ನೀರಿನ ಹೌಜಿಗೆ ಬಿಟ್ಟಿದ್ದರು. ನಾನು ಬಗ್ಗಿ ನೋಡಿದೆ. ನಲವತ್ತಾದರೂ ಇದ್ದವು, ಮರಿಗಳ ಲೆಕ್ಕ ಬೇರೆ.

“ಇವಕ್ಕ ಏನ್ ಹಾಕ್ತೀರಿ ಕಾಕು?”

“ಏನ್ ಹಾಕ್ಲಿ? ರೊಟ್ಟಿ ಚೂರ. ನಳದ ನೀರ ಒಂದ ರಾತ್ರಿ ಇಟ್ಟು ಬಿಡತೀನಿ, ಔಷಧ ವಾಸನಿ ಹೋಗ್ಲಿ ಅಂತ. ವಾರಕ್ಕ ನಾಕ ಕೊಡ ತಗದು ಗಿಡಕ್ಕ, ನಾಕ ಕೊಡ ಹೊಸದು.”

ನೀರಿನ ವಿಷಯದಲ್ಲಿ ಈ ಮನೆಯ ನಿಜವಾದ ಲ್ಯಾಬ್ ಅಡಿಗೆಮನೆಯೇ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆ ಕೂಡ ಬೋರಿನ ನೀರಿನಲ್ಲಿ ಸುಲಭಕ್ಕೆ ಬೇಯುವುದಿಲ್ಲ. ಬೇಳೆಗೆ ಭೀಮಾ ನೀರು, ಅದು ಬರದ ದಿನ ಬೋರಿಗೆ ಚಿಟಿಕೆ ಸೋಡಾ, ಇದು ಕಾಕುಗೆ ತವರಿನಿಂದ ಬಂದ ವಿದ್ಯೆ. ಕಾಕಾ ದುಡ್ಡು ಸುರಿದು ತರಿಸುವ ಪುಡಿಗಳಲ್ಲಿ ಹಲವು ಮೂಲತಃ ಅದೇ ಸೋಡಾ. ನೂರು ಲೀಟರಿಗೆ ಒಂದು ಸಣ್ಣ ಚಮಚ ಹಾಕಿದರೆ ಕೆಎಚ್ ಒಂದೂವರೆ ಡಿಗ್ರಿಯಷ್ಟು ಏರುತ್ತದೆ. ಇನ್ನು ಫರಸಿ ಅಂದರೆ ಅಪ್ಪಟ ಸುಣ್ಣದ ಕಲ್ಲು, ವಾಡಿಯಲ್ಲಿ ಸಿಮೆಂಟ್ ಆಗುವುದೂ ಆ ಪದರಗಳ ಕಲ್ಲೇ. ಅಡಿಗೆ ಕಟ್ಟೆಯ ಮೇಲೆ ಲಿಂಬೆಹಣ್ಣು ಹಿಂಡಿದರೆ ನೊರೆ ಬಂದು ಬಿಳಿ ಕಲೆ ಉಳಿಯುತ್ತದೆಂದು ಕಾಕು ಬೈಯದ ಸೊಸೆಯಿಲ್ಲ. ಹೌಜಿನೊಳಗೂ ನಡೆಯುವುದು ಅದೇ, ನಿಧಾನವಾಗಿ. ನೀರು ಹುಳಿಯಾದಷ್ಟೂ ಕಲ್ಲು ಕರಗುತ್ತದೆ, ಹುಳಿ ಇಳಿದರೆ ಕರಗುವುದು ಬಿಡುತ್ತದೆ. ಅದಕ್ಕೆ ಯಾರೂ ಮೂರು ಹನಿ ಹಾಕಿ ಕೇಳಬೇಕಿಲ್ಲ.

ಕಾಕಾ ಕಿಟ್ ಹಿಡಿದುಕೊಂಡು ಹಿತ್ತಲಿಗೆ ಬಂದರು. ಬೆಳಿಗ್ಗೆ ಎಂಟು. ಮಧ್ಯಾಹ್ನ ಎಂಟು. ಸಂಜೆ ಎಂಟು. ಹದಿನೈದು ದಿನ ಬರೆದರು, ಎಂಟು. ಮಾಲಿಗಳು ಪಡಸಾಲೆಗೆ ವಾಪಸಾದವು, ಜೊತೆಗೆ ಅಂಗೈಯಗಲದ ಎರಡು ಫರಸಿ ಚೂರು, ನಳದ ನೀರು. ಅಲ್ಲೂ ಎಂಟು. ರಿಜಿಸ್ಟರ್ ಮುಚ್ಚಿಟ್ಟ ಕಾಕಾನ ಮುಖ ನೋಡಲಾಗುತ್ತಿರಲಿಲ್ಲ. ಲೆಕ್ಕ ತಾಳೆಯಾದ ದಿನ ಬ್ಯಾಂಕಿನಲ್ಲೂ ಅವರು ಹೀಗೇ ಇರುತ್ತಿದ್ದರಂತೆ.

ಕಿಟ್ಟಿನಲ್ಲಿ ಇನ್ನೂ ಅರ್ಧ ಬಾಟಲಿ ಉಳಿದಿದೆ. ನಿನ್ನೆ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಬಿಸಿಲಲ್ಲಿ ಬಂದಿದ್ದಾರೆಂದು ಮಜ್ಜಿಗೆ ಕೊಟ್ಟರೆ, ಕಿಸೆಯಿಂದ ನಳಿಕೆ ತೆಗೆದು ಐದು ಮಿಲಿ ಬಗ್ಗಿಸಿಕೊಂಡು ಮೂರು ಹನಿ ಬಿಟ್ಟರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಭಾಳ ಇಳದದ ತಮ್ಮಾ,” ಎಂದರು. “ಒಂದ್ ಫರಸಿ ಚೂರ ಹಾಕ್ರಿ.”