ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದಲ್ಲಿ ಚಳಿಗಾಲದ ಪಕ್ಷಿವೀಕ್ಷಣೆ: ಒಂದು ತಾತ್ವಿಕ ಅವಲೋಕನ

ಪೀಠಿಕೆ. ಪ್ರಸ್ತುತ ಪ್ರಬಂಧವು ಮಲಪ್ರಭಾ ಸೀಮೆಯ ಚತುಸ್ತಾಲೂಕೀಯ ಭೂ-ಸಾಂಸ್ಕೃತಿಕ ಅವಕಾಶದಲ್ಲಿ ಪಕ್ಷಿ ಎಂಬ ಪ್ರವರ್ಗವು ಹೇಗೆ ಸಂರಚನೆಗೊಳ್ಳುತ್ತದೆ ಎಂಬುದನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಸಮಸ್ಯೀಕರಿಸುತ್ತದೆ. ಅಂದರೆ, ಹಕ್ಕಿ ನೋಡಲು ಹೋಗಿದ್ದೆವು. ವಿಚಾರ ಸಂಕಿರಣದ ಬ್ಯಾಗು, ಬ್ಯಾಡ್ಜು, ಉಪ್ಪಿಟ್ಟು-ಶಿರಾ, ಸ್ವಾಗತ ಭಾಷಣ ಎಲ್ಲ ಮುಗಿದು ಬಯಲಿಗಿಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಹಕ್ಕಿಗಳು ತಮ್ಮ ಗೋಷ್ಠಿ ಮುಗಿಸಿ ಎದ್ದುಹೋಗಿದ್ದವು.

ಪೂರ್ವಾಧ್ಯಯನಗಳ ಸಮೀಕ್ಷೆ. ಬ್ರಿಟಿಷ್ ಸೈನ್ಯಾಧಿಕಾರಿ ಇ.ಎ. ಬಟ್ಲರ್ 1881ರಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು ಎ.ಒ. ಹ್ಯೂಮ್ ನಡೆಸುತ್ತಿದ್ದ ಪಕ್ಷಿಶಾಸ್ತ್ರ ಪತ್ರಿಕೆ 'ಸ್ಟ್ರೇ ಫೆದರ್ಸ್'ನಲ್ಲಿ ಪ್ರಕಟಿಸಿದ. ಆ ಕಾಲದ ವಿಧಾನಶಾಸ್ತ್ರ ಸರಳ: ಮೊದಲು ಬಂದೂಕು, ಆಮೇಲೆ ಹೆಸರು. ಈಗ ಮೊದಲು ಫೋಟೊ, ಆಮೇಲೆ ಸ್ಟೇಟಸ್. ಹೆಸರನ್ನು ಯಾರೂ ಕೇಳುವುದಿಲ್ಲ.

ವೀಕ್ಷಕರ ವರ್ಗೀಕರಣ. (ಅ) ಲೆನ್ಸ್‌ಜೀವಿ: ಕ್ಯಾಮೆರಾ ಬೆಲೆ ಹೇಳದೆ ಹಕ್ಕಿ ತೋರಿಸುವುದಿಲ್ಲ. (ಆ) ಪ್ರಮಾಣಪತ್ರಜೀವಿ: ಸಹಿ ಹಾಕಿ ಮೊದಲ ಬಸ್ಸಿಗೆ ವಲಸೆ ಹೋಗುತ್ತದೆ. (ಇ) ಉಪಪ್ರಭೇದಗಳು ಇನ್ನೂ ಇವೆ. ಸಾಕು.

ಕ್ಷೇತ್ರಕಾರ್ಯ. ಕಿತ್ತೂರು ಕೋಟೆಯಲ್ಲಿ ಪಾರಿವಾಳಗಳು ಹಾರಿದವು. 1824ರ ಕಿತ್ತೂರು-ಬ್ರಿಟಿಷ್ ಕಾಳಗದ ಗುಂಡಿನ ಸದ್ದು ಅವುಗಳ ಸಾಮೂಹಿಕ ಸ್ಮೃತಿಯಲ್ಲಿ ಉಳಿದಿದೆಯೇ ಎಂದು ಒಬ್ಬ ವಿದ್ವಾಂಸರು ಕಾಲು ತಾಸು ಚಿಂತಿಸಿದರು. ಸವದತ್ತಿಯ ನವಿಲುತೀರ್ಥದಲ್ಲಿ ನವಿಲು ಕಾಣಲಿಲ್ಲ. ಅಧ್ಯಕ್ಷರು ಅದನ್ನು 'ಅನುಪಸ್ಥಿತಿಯ ಉಪಸ್ಥಿತಿ' ಎಂದರು, ಚಪ್ಪಾಳೆ ಬಿತ್ತು. ಅಲ್ಲಿನ ಅಣೆಕಟ್ಟೆಯ ಹಿನ್ನೀರಿನ ಕೆಸರಿನಲ್ಲಿ ಬಾಲ ಕುಣಿಸುತ್ತಿದ್ದ ಸಿಪಿಲೆಯ ಕಡೆ ಯಾರೂ ತಿರುಗಲಿಲ್ಲ. ಹಿಮಾಲಯದ ಆಚೆಯಿಂದಲೂ ಬರುವ ಹಕ್ಕಿ ಅದು. ಪ್ರಯಾಣಭತ್ಯೆ ಕೇಳುವುದಿಲ್ಲ.

ಬೈಲಹೊಂಗಲದ ಹತ್ತಿರ ಹೊಲದ ಬದುವಿನಲ್ಲಿ ಕೂತ ಹಿರಿಯರೊಬ್ಬರನ್ನು 'ಮಾಹಿತಿದಾತ'ರನ್ನಾಗಿ ಮಾಡಿಕೊಂಡೆವು.

"ಯಜಮಾನ್ರ, ಗುಲಾಬಿ ಕಬ್ಬಕ್ಕಿ ಬರ್ತಾವೇನ್ರಿ?"

"ಮೈ ಕೆಂಪಂದು, ತೆಲಿ ಕರೇದು? ಮದ್ಲ ಹಿಂಡ್‌ಹಿಂಡು ಬರ್ತಿದ್ವು. ಈಗ ಕಬ್ಬು ಹಾಕೇವ್ರಿ. ಕಬ್ಬಿನ್ಯಾಗ ಏನ್ ತಿಂತಾವ್ರೀ ಪಾಪ?"

ಚರ್ಚೆ. ಇಲ್ಲಿ ಪರಿಪ್ರೇಕ್ಷ್ಯ ಮುಗಿಯಿತು. ಎರಿ ಹೊಲದ ಬಿಳಿಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಮಧ್ಯ ಏಷ್ಯಾದ ಆ ಹಕ್ಕಿ ತೆನೆಯ ಮೇಲೆ ಇಳಿಯುತ್ತಿತ್ತು. ಮಂಚಿಕೆ ಏರಿ, ಕವಣೆ ಬೀಸಿ, ಡಬ್ಬಿ ಬಡಿದು ಓಡಿಸುತ್ತಿದ್ದ ಹುಡುಗನಿಗೆ ಯಾವ ಹಿಂಡು ಯಾವ ದಿಕ್ಕಿನಿಂದ ಎಷ್ಟೊತ್ತಿಗೆ ಬರುತ್ತದೆಂದು ಬಾಯಿಪಾಠ. ಆ ಹಕ್ಕಿ ಕಾಳು ತಿಂದಂತೆ ಮಿಡತೆಯನ್ನೂ ತಿನ್ನುತ್ತದೆಂದು ಅವನಪ್ಪನಿಗೆ ಗೊತ್ತಿತ್ತು. ಎಳ್ಳಮಾವಾಸ್ಯೆಗೆ ಚೆಲ್ಲಿದ ಚರಗದಲ್ಲಿ ಹಕ್ಕಿಗೂ ಪಾಲು. ಪಡಸಾಲೆಯ ಜಂತಿಗೆ ಕಟ್ಟಿದ ತೆನೆಗೊಂಚಲು ಗುಬ್ಬಿಯದು. ಬೈದು ಓಡಿಸಿದರೂ ಉಪವಾಸ ಕೆಡವುತ್ತಿರಲಿಲ್ಲ. ಈಗ ಕಣ್ಣು ಹಾಯುವವರೆಗೆ ಕಾಳಿಲ್ಲದ ಬೆಳೆ, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ರೈತನನ್ನು ಯಾಕೆ ಬೈಯಲಿ? ಜೋಳ ಕೀಳಲು ಆಳು ಸಿಗುವುದಿಲ್ಲ, ಕಿತ್ತರೂ ಕೂಲಿಯಷ್ಟು ಬೆಲೆ ಬರುವುದಿಲ್ಲ. ಆದರೆ ಈ ಮಾತು ಎತ್ತಿದಾಗ ನನಗೆ ಸಿಕ್ಕ ಉತ್ತರ: "ಅದು ಕೃಷಿ ಅರ್ಥಶಾಸ್ತ್ರದ ವ್ಯಾಪ್ತಿಗೆ ಬರುತ್ತದೆ, ನಮ್ಮ ಗೋಷ್ಠಿಗಲ್ಲ." ಹಕ್ಕಿ ಹೊಟ್ಟೆಗೆ ಏನು ತಿನ್ನುತ್ತದೆಂಬುದು ಪಕ್ಷಿಗೋಷ್ಠಿಯ ವ್ಯಾಪ್ತಿಗೆ ಬರುವುದಿಲ್ಲವಂತೆ!

ನಿರ್ಣಯ. ಊರೂರಿಗೆ ಪ್ಲಾಸ್ಟಿಕ್ ಗುಬ್ಬಿಗೂಡು ಹಂಚುವುದೆಂದು ಸರ್ವಾನುಮತದಿಂದ ಒಪ್ಪಲಾಯಿತು. ಆ ದುಡ್ಡಿನಲ್ಲಿ ಒಂದೆಕರೆ ಜೋಳ ಬಿತ್ತಿಸಿ ಕೊಯ್ಯದೆ ಬಿಡೋಣ ಎಂದೆ. ಅದಕ್ಕೆ ಅನುದಾನದಲ್ಲಿ ಲೆಕ್ಕಶೀರ್ಷಿಕೆ ಇಲ್ಲವಂತೆ.